ಬಂದೂಕು ಕೊಟ್ಟವರು ಯಾರು, ಲೆಕ್ಕ ಕೊಡುವವರು ಯಾರು: ರಾಜ್ಯಗಳ ಭದ್ರತಾ ಪಡೆಗಳು ಮತ್ತು ಸಂವಿಧಾನದ ಮಿತಿ

ಛತ್ತೀಸಗಢ ಸರ್ಕಾರ ಸುಮಾರು ಒಂದೂವರೆ ದಶಕದ ಹಿಂದೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರವೊಂದರಲ್ಲಿ ಎರಡು ತಿಂಗಳ ತರಬೇತಿಯ ವಿವರವಿತ್ತು. ಬಂದೂಕು ಬಳಕೆ, ಪ್ರಥಮ ಚಿಕಿತ್ಸೆ, ನಕ್ಷೆ ಓದುವುದು, ಯೋಗ ಇವುಗಳ ಜೊತೆಗೆ ತರಗತಿಯಲ್ಲಿ ಕೂತು ಕೇಳುವ ಪಾಠಗಳೂ ಇದ್ದವು. ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮುಂತಾದ ಎಲ್ಲ ಕಾನೂನುಗಳಿಗೆ ಸೇರಿ 24 ಪೀರಿಯಡ್, ಮಾನವ ಹಕ್ಕು ಮತ್ತು ಸಂವಿಧಾನಕ್ಕೆ 12, ವಿಧಿವಿಜ್ಞಾನಕ್ಕೆ 6, ಸಮುದಾಯ ಪೊಲೀಸ್ ವ್ಯವಸ್ಥೆಗೆ 6, ರಾಜ್ಯದ ದಕ್ಷಿಣ ಭಾಗದ ಬಸ್ತರ್ ಪ್ರದೇಶದ ಸಂಸ್ಕೃತಿ ಮತ್ತು ಪದ್ಧತಿಗಳಿಗೆ 9. ಒಂದು ಪೀರಿಯಡ್ ಅಂದರೆ ಒಂದು ಗಂಟೆ. ಈ ಪಾಠ ಕೇಳಬೇಕಾಗಿದ್ದವರು ಬಸ್ತರಿನ ಆದಿವಾಸಿ ಯುವಕರು. ಅವರ ನೇಮಕಾತಿಯಲ್ಲಿ ಐದನೇ ತರಗತಿ ಪಾಸಾದವರಿಗೆ ಆದ್ಯತೆ ಎಂದು ಅದೇ ಸರ್ಕಾರ ಹೇಳಿಕೊಂಡಿತ್ತು. ಅಲ್ಲೇ ಹುಟ್ಟಿ ಬೆಳೆದವರಿಗೆ ಬಸ್ತರಿನ ಸಂಸ್ಕೃತಿಯನ್ನು ಒಂಬತ್ತು ಗಂಟೆ ಯಾರು ಕಲಿಸಿದರೋ ತಿಳಿಯದು. ಆತ್ಮರಕ್ಷಣೆಗಾಗಿ ಗುಂಡು ಹಾರಿಸುವುದಕ್ಕೂ ಕೊಲೆಗೂ ಕಾನೂನು ಎಲ್ಲಿ ಗೆರೆ ಎಳೆಯುತ್ತದೆ ಎಂಬುದನ್ನು ಮಾತ್ರ ಆ 24 ಗಂಟೆಗಳಲ್ಲೇ ಅವರು ಅರ್ಥ ಮಾಡಿಕೊಳ್ಳಬೇಕಿತ್ತು.

ಇವರನ್ನು ವಿಶೇಷ ಪೊಲೀಸ್ ಅಧಿಕಾರಿಗಳು, ಎಂದರೆ ಎಸ್‌ಪಿಒಗಳು ಎಂದು ಕರೆಯುತ್ತಿದ್ದರು. ಹೆಸರಿನಲ್ಲಿ ಅಧಿಕಾರಿ ಎಂದಿದ್ದರೂ ಕೈಗೆ ಸಿಗುತ್ತಿದ್ದುದು ತಿಂಗಳಿಗೆ 3,000 ರೂಪಾಯಿ, ಅದೂ ಸಂಬಳವಲ್ಲ, ಗೌರವಧನ. ಮಾವೋವಾದಿಗಳ ವಿರುದ್ಧದ ಕಾರ್ಯಾಚರಣೆಗಳಲ್ಲಿ ಇವರನ್ನು ಬಳಸುವುದು ಸಂವಿಧಾನಬಾಹಿರ ಎಂದು ನ್ಯಾಯಮೂರ್ತಿಗಳಾದ ಬಿ. ಸುದರ್ಶನ ರೆಡ್ಡಿ ಮತ್ತು ಎಸ್.ಎಸ್. ನಿಜ್ಜರ್ ಅವರ ಪೀಠ 2011ರ ಜುಲೈ 5ರಂದು ತೀರ್ಪು ನೀಡಿತು. 2007ರಲ್ಲಿ ಈ ಅರ್ಜಿ ಸಲ್ಲಿಸಿದವರು ಸಮಾಜಶಾಸ್ತ್ರಜ್ಞೆ ನಂದಿನಿ ಸುಂದರ್, ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಮತ್ತು ನಿವೃತ್ತ ಐಎಎಸ್ ಅಧಿಕಾರಿ ಇ.ಎ.ಎಸ್. ಶರ್ಮಾ. ತೀರ್ಪು ಬಂದು ಇಷ್ಟು ವರ್ಷಗಳಾದರೂ ಅದರ ಕಾವು ಆರಿಲ್ಲ. 2025ರ ಆಗಸ್ಟ್‌ನಲ್ಲಿ ಸುದರ್ಶನ ರೆಡ್ಡಿಯವರು ಉಪರಾಷ್ಟ್ರಪತಿ ಸ್ಥಾನಕ್ಕೆ ವಿರೋಧ ಪಕ್ಷಗಳ ಅಭ್ಯರ್ಥಿಯಾದಾಗ, ಆ ತೀರ್ಪು ಬರದೇ ಇದ್ದಿದ್ದರೆ ನಕ್ಸಲ್ ಹಿಂಸೆ 2020ಕ್ಕೆ ಮುಂಚೆಯೇ ಮುಗಿದುಹೋಗುತ್ತಿತ್ತು ಎಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಟೀಕಿಸಿದರು. ಅದು ತಮ್ಮ ಸ್ವಂತದ್ದಲ್ಲ, ಸುಪ್ರೀಂ ಕೋರ್ಟಿನ ತೀರ್ಪು ಎಂದು ರೆಡ್ಡಿಯವರು ಉತ್ತರಿಸಿದರು. ನಿವೃತ್ತ ನ್ಯಾಯಮೂರ್ತಿಗಳ ಒಂದು ಗುಂಪು ಗೃಹ ಸಚಿವರ ಮಾತನ್ನು ಆಕ್ಷೇಪಿಸಿ ಹೇಳಿಕೆ ಹೊರಡಿಸಿತು. ಆ ಗದ್ದಲದಲ್ಲಿ ತೀರ್ಪಿನೊಳಗೆ ಏನಿದೆ ಎಂಬುದನ್ನು ಓದಿದವರು ಕಡಿಮೆ ಎಂದೇ ನನಗೆ ಅನ್ನಿಸಿತು.

ಒಕ್ಕೂಟ ವ್ಯವಸ್ಥೆಯಲ್ಲಿ ಭದ್ರತಾ ಪಡೆಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಪಡೆ ಯಾರದು, ಕೇಂದ್ರದ್ದೋ ರಾಜ್ಯದ್ದೋ ಎಂಬುದೇ ಆ ಜಾಡು. ಅದಕ್ಕೆ ಕಾರಣವೂ ಇದೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಮೊದಲ ನಮೂದೇ ಸಾರ್ವಜನಿಕ ಸುವ್ಯವಸ್ಥೆ, ಎರಡನೆಯದು ಪೊಲೀಸ್. ಕೇಂದ್ರ ಪಟ್ಟಿಯ ಎರಡನೇ ನಮೂದಿನಲ್ಲಿ ಭೂ, ನೌಕಾ, ವಾಯು ಸೇನೆಗಳ ಜೊತೆಗೆ ಒಕ್ಕೂಟದ ಇತರ ಸಶಸ್ತ್ರ ಪಡೆಗಳು ಬರುತ್ತವೆ. ಇವೆರಡರ ನಡುವಿನ ಗಡಿ ಎಲ್ಲಿ ಎಂಬ ಜಗಳ 1968ರಲ್ಲೇ ಕೇರಳದಲ್ಲಿ ಬಹಿರಂಗವಾಯಿತು. ಕೇಂದ್ರ ಸರ್ಕಾರಿ ನೌಕರರ ಮುಷ್ಕರದ ಸಂದರ್ಭದಲ್ಲಿ ದೆಹಲಿ ತಾನಾಗಿಯೇ ಸಿಆರ್‌ಪಿಎಫ್ ತುಕಡಿಗಳನ್ನು ಕಳಿಸಿದಾಗ, ರಾಜ್ಯ ಕೇಳದೇ ಇದ್ದರೂ ಪಡೆ ಕಳಿಸುವ ಅಧಿಕಾರ ನಿಮಗೆಲ್ಲಿದೆ ಎಂದು ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರ ಪ್ರತಿಭಟಿಸಿತು. ಇದಕ್ಕೆ ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿತು. ನಾಗರಿಕ ಆಡಳಿತಕ್ಕೆ ನೆರವಾಗಲು ಯಾವುದೇ ರಾಜ್ಯದಲ್ಲಿ ಕೇಂದ್ರದ ಪಡೆಗಳನ್ನು ನಿಯೋಜಿಸುವ ವಿಷಯ ‘2ಎ’ ಎಂಬ ಹೊಸ ನಮೂದಾಗಿ ಕೇಂದ್ರ ಪಟ್ಟಿಗೆ ಸೇರಿತು, ರಾಜ್ಯ ಪಟ್ಟಿಯ ಪೊಲೀಸ್ ಅಧಿಕಾರ ಅದಕ್ಕೆ ಒಳಪಟ್ಟಿತು. ಹಾಗೆ ನಿಯೋಜಿಸಿದ ಪಡೆಯನ್ನು ಕೇಂದ್ರ ತನ್ನ ಆಜ್ಞೆಯಲ್ಲೇ ಇಟ್ಟುಕೊಳ್ಳಬಹುದು ಎನ್ನುವ 257ಎ ಎಂಬ ವಿಧಿಯೊಂದನ್ನೂ ಅದೇ ತಿದ್ದುಪಡಿ ತಂದಿತ್ತು. 1978ರ 44ನೇ ತಿದ್ದುಪಡಿ ಆ ವಿಧಿಯನ್ನು ಕಿತ್ತುಹಾಕಿತು, ನಮೂದನ್ನು ಮಾತ್ರ ಹಾಗೆಯೇ ಉಳಿಸಿತು. ಕಿತ್ತದ್ದಕ್ಕೂ ಉಳಿಸಿದ್ದಕ್ಕೂ ಇರುವ ಅಂತರದಲ್ಲೇ ಅಂದಿನಿಂದ ವಾದಗಳು ನಡೆಯುತ್ತಿವೆ.

ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿದ 1997ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನೆರವು ಎಂಬ ಪದದ ಅರ್ಥವನ್ನು ಸ್ವಲ್ಪ ಬಿಗಿಗೊಳಿಸಿತು. ನೆರವಿಗೆ ಬಂದವರು ರಾಜ್ಯದ ನಾಗರಿಕ ಆಡಳಿತವನ್ನು ಬದಿಗೆ ಸರಿಸಿ ತಾವೇ ಕೂರುವಂತಿಲ್ಲ ಎಂಬುದು ಅದರ ಸಾರ. 2021ರ ಅಕ್ಟೋಬರ್ 11ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಪಂಜಾಬ್, ಪಶ್ಚಿಮ ಬಂಗಾಳ ಮತ್ತು ಅಸ್ಸಾಂಗಳಲ್ಲಿ ಗಡಿ ಭದ್ರತಾ ಪಡೆಯ ಕಾರ್ಯವ್ಯಾಪ್ತಿಯನ್ನು ಗಡಿಯಿಂದ 15 ಕಿಲೋಮೀಟರ್ ಇದ್ದದ್ದನ್ನು 50ಕ್ಕೆ ಏರಿಸಿದಾಗ ಪಂಜಾಬ್ ಸರ್ಕಾರ, ಕೇಂದ್ರ–ರಾಜ್ಯ ವ್ಯಾಜ್ಯಗಳನ್ನು ನೇರವಾಗಿ ಸುಪ್ರೀಂ ಕೋರ್ಟ್ ಕೇಳುವ 131ನೇ ವಿಧಿಯ ಅಡಿಯಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದೂ ಇದೇ ಜಾಡಿನ ಮುಂದುವರಿಕೆ. ಆದರೆ ಅದೇ ವರ್ಷ ಜುಲೈ 26ರಂದು ಅಸ್ಸಾಂ ಮತ್ತು ಮಿಜೋರಾಂ ಗಡಿಯ ಲೈಲಾಪುರ–ವೈರೆಂಗ್ಟೆ ಬಳಿ ನಡೆದದ್ದು ಈ ಚೌಕಟ್ಟಿಗೆ ಸುಲಭವಾಗಿ ಹೊಂದುವುದಿಲ್ಲ. ಅಲ್ಲಿ ಎದುರುಬದುರಾಗಿದ್ದವು ಎರಡು ರಾಜ್ಯಗಳ ಪೊಲೀಸ್ ಪಡೆಗಳು. ಎರಡೂ ತಮ್ಮ ತಮ್ಮ ರಾಜ್ಯ ಪಟ್ಟಿಯ ಅಧಿಕಾರದಲ್ಲೇ ಅಲ್ಲಿ ನಿಂತಿದ್ದವು, ಎರಡರ ನೇತೃತ್ವವೂ ಒಂದೇ ಐಪಿಎಸ್ ಸೇವೆಯ ಅಧಿಕಾರಿಗಳ ಕೈಯಲ್ಲಿತ್ತು. ಗುಂಡಿನ ಚಕಮಕಿಯಲ್ಲಿ ಅಸ್ಸಾಂನ ಆರು ಪೊಲೀಸರು ಸತ್ತರು. ಪಡೆ ಯಾರದು ಎಂಬ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರವಿತ್ತು, ಆ ಉತ್ತರದಿಂದ ಒಂದು ಜೀವವೂ ಉಳಿಯಲಿಲ್ಲ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೈಜೀರಿಯಾ ಕೂಡ ಒಕ್ಕೂಟ ರಾಷ್ಟ್ರ. ಆದರೆ ಅಲ್ಲಿನ 1999ರ ಸಂವಿಧಾನದ 214ನೇ ಸೆಕ್ಷನ್ ಇಡೀ ದೇಶಕ್ಕೆ ಒಂದೇ ಪೊಲೀಸ್ ಪಡೆ, ಬೇರೆ ಯಾವುದೂ ಇರಕೂಡದು ಎನ್ನುತ್ತದೆ. ಅಪಹರಣ, ದರೋಡೆ ಮತ್ತು ದನಗಾಹಿಗಳ ಜೊತೆಗಿನ ಸಂಘರ್ಷಗಳಿಂದ ಬೇಸತ್ತ ನೈಋತ್ಯದ ಆರು ರಾಜ್ಯಗಳು 2020ರ ಜನವರಿಯಲ್ಲಿ ಇಬಾದಾನ್ ನಗರದಲ್ಲಿ ‘ಅಮೊಟೆಕುನ್’ ಎಂಬ ಪ್ರಾದೇಶಿಕ ಪಡೆಯನ್ನು ಕಟ್ಟಿದವು. ಯೊರುಬಾ ಭಾಷೆಯಲ್ಲಿ ಅದಕ್ಕೆ ಚಿರತೆ ಎಂದು ಅರ್ಥ. ಕೆಲವೇ ದಿನಗಳಲ್ಲಿ ಒಕ್ಕೂಟದ ಅಟಾರ್ನಿ ಜನರಲ್ ಅದನ್ನು ಕಾನೂನುಬಾಹಿರ ಎಂದರು. ಆಮೇಲೆ ಮಾತುಕತೆ ನಡೆದು, ಒಂದೊಂದು ರಾಜ್ಯವೂ ತನ್ನ ಶಾಸನಸಭೆಯಲ್ಲಿ ಪ್ರತ್ಯೇಕ ಕಾನೂನು ಮಾಡಿಕೊಂಡು ಪಡೆಯನ್ನು ಉಳಿಸಿಕೊಂಡಿತು. ಅಲ್ಲಿ ಪ್ರಶ್ನೆ ರಾಜ್ಯ ಪಡೆ ಕಟ್ಟಬಹುದೇ ಎಂಬಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಕಟ್ಟಬಹುದು ಎಂಬುದರಲ್ಲಿ ಸಂಶಯವೇ ಇಲ್ಲ, ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಅದಕ್ಕಿಂತ ಕಷ್ಟದ್ದು. ಅಧಿಕಾರ ಇರುವ ರಾಜ್ಯ ಎಂಥ ಪಡೆಯನ್ನಾದರೂ ಕಟ್ಟಬಹುದೇ? ಯಾರನ್ನು ಬೇಕಾದರೂ, ಯಾವ ಷರತ್ತಿನ ಮೇಲಾದರೂ ಅದಕ್ಕೆ ಸೇರಿಸಿಕೊಳ್ಳಬಹುದೇ?

ಬಸ್ತರಿನಲ್ಲಿ ಈ ಪ್ರಶ್ನೆ ಹುಟ್ಟಿದ್ದು 2005ರ ಬೇಸಿಗೆಯ ಕೊನೆಯಲ್ಲಿ. ಮಾವೋವಾದಿಗಳ ವಿರುದ್ಧ ಆದಿವಾಸಿಗಳೇ ಎದ್ದ ಸ್ವಯಂಪ್ರೇರಿತ ಚಳವಳಿ ಎಂದು ‘ಸಲ್ವಾ ಜುಡುಂ’ ಅನ್ನು ಬಣ್ಣಿಸಲಾಯಿತು. ಗೊಂಡಿ ಭಾಷೆಯ ಆ ಹೆಸರನ್ನು ಕೆಲವರು ಶಾಂತಿ ಅಭಿಯಾನ ಎಂದರು, ಇನ್ನು ಕೆಲವರು ಶುದ್ಧೀಕರಣದ ಬೇಟೆ ಎಂದರು. ಅದರ ಮುಂದಾಳು ಮಹೇಂದ್ರ ಕರ್ಮಾ ಕಾಂಗ್ರೆಸ್ಸಿನವರು ಮತ್ತು ವಿಧಾನಸಭೆಯ ವಿರೋಧ ಪಕ್ಷದ ನಾಯಕರು, ಬೆಂಬಲಕ್ಕೆ ನಿಂತದ್ದು ರಮಣ ಸಿಂಗ್ ಅವರ ಬಿಜೆಪಿ ಸರ್ಕಾರ, ಹಣ ಒದಗಿಸಿದ್ದು ದೆಹಲಿಯ ಯುಪಿಎ ಸರ್ಕಾರ. ಪಕ್ಷಗಳ ನಡುವೆ ಇಷ್ಟು ಒಮ್ಮತ ಮೂಡಿದ ವಿಷಯಗಳು ನಮ್ಮ ರಾಜಕೀಯದಲ್ಲಿ ವಿರಳ. ಹಳ್ಳಿಗಳು ಖಾಲಿಯಾದವು, ಸಾವಿರಾರು ಮಂದಿ ರಸ್ತೆ ಬದಿಯ ಶಿಬಿರಗಳಿಗೆ ಬಂದರು ಅಥವಾ ತರಲ್ಪಟ್ಟರು, ಇನ್ನು ಸಾವಿರಾರು ಮಂದಿ ಆಗಿನ ಆಂಧ್ರಪ್ರದೇಶದ ಖಮ್ಮಂ ಕಡೆಯ ಕಾಡುಗಳಿಗೆ ದಾಟಿದರು. ಒಂದೇ ಹಳ್ಳಿಯಲ್ಲಿ ಒಬ್ಬ ತಮ್ಮ ಕಾಡಿಗೆ ಹೋದರೆ ಅಣ್ಣ ಶಿಬಿರಕ್ಕೆ ಬಂದ. ಶಿಬಿರದ ಯುವಕರಲ್ಲೇ ಹಲವರು ಎಸ್‌ಪಿಒಗಳಾದರು.

ಇದಕ್ಕೆ ಕಾನೂನಿನ ಆಧಾರವೂ ಇತ್ತು ಎಂಬುದನ್ನು ಗಮನಿಸಬೇಕು. 1857ರ ದಂಗೆಯ ಬೆನ್ನಿಗೆ ಬ್ರಿಟಿಷರು ತಂದ 1861ರ ಪೊಲೀಸ್ ಕಾಯ್ದೆಯಲ್ಲೇ, ಗಲಭೆಯಂಥ ಸಂದರ್ಭಗಳಲ್ಲಿ ಊರಿನ ನಿವಾಸಿಗಳನ್ನು ತಾತ್ಕಾಲಿಕವಾಗಿ ವಿಶೇಷ ಪೊಲೀಸರನ್ನಾಗಿ ನೇಮಿಸುವ ಅವಕಾಶವಿದೆ. ಛತ್ತೀಸಗಢದ 2007ರ ಪೊಲೀಸ್ ಕಾಯ್ದೆ ಅದನ್ನೇ ಮುಂದುವರಿಸಿತು. ಜಾತ್ರೆಯಲ್ಲಿ, ಗಣೇಶನ ಮೆರವಣಿಗೆಯಲ್ಲಿ, ಚುನಾವಣೆಯ ದಿನ ನಮ್ಮಲ್ಲಿ ಗೃಹರಕ್ಷಕ ದಳದವರು ಖಾಕಿ ತೊಟ್ಟು ನಿಲ್ಲುವುದನ್ನು ನೋಡಿದವರಿಗೆ ಈ ಕಲ್ಪನೆ ಹೊಸದಲ್ಲ. ಆದರೆ ಬಂದೋಬಸ್ತಿಗೆ ಕೈ ಜೋಡಿಸುವವನಿಗೂ, ನೆಲಬಾಂಬ್ ಹೂತಿಟ್ಟ ಕಾಲುದಾರಿಯಲ್ಲಿ ಸಿಆರ್‌ಪಿಎಫ್ ತುಕಡಿಗೆ ದಾರಿ ತೋರಿಸುತ್ತ ಮುಂದೆ ನಡೆಯುವವನಿಗೂ ಕಾನೂನಿನ ಒಂದೇ ಸೆಕ್ಷನ್ ಸಾಕೆಂದು ಸರ್ಕಾರ ನಂಬಿತ್ತು. 2004ರಿಂದ 2011ರವರೆಗೆ ನೂರೈವತ್ತಕ್ಕೂ ಹೆಚ್ಚು ಎಸ್‌ಪಿಒಗಳು ಸತ್ತರೆಂಬುದು ಕೋರ್ಟಿನ ಮುಂದಿದ್ದ ಲೆಕ್ಕ. ಸಂಖ್ಯಾಬಲಕ್ಕೆ ಹೋಲಿಸಿ ನೋಡಿದರೆ, ಸಾಯುವ ಸಾಧ್ಯತೆ ಕಾಯಂ ಪೊಲೀಸರಿಗಿಂತ ಇವರಿಗೇ ಬಹಳ ಹೆಚ್ಚಾಗಿತ್ತು.

ತೀರ್ಪಿನ ತಿರುಳು ಇರುವುದು ಇಲ್ಲಿಯೇ. ಪೊಲೀಸ್ ಪಡೆ ಕಟ್ಟುವ ರಾಜ್ಯದ ಅಧಿಕಾರವನ್ನು ಕೋರ್ಟ್ ಪ್ರಶ್ನಿಸಲಿಲ್ಲ, ಪ್ರಶ್ನಿಸುವ ಅಗತ್ಯವೂ ಇರಲಿಲ್ಲ. ಕಡಿಮೆ ಓದಿದ, ಅರೆಬರೆ ತರಬೇತಿಯ ಯುವಕರನ್ನು ಕಾಯಂ ಪೊಲೀಸರು ಮಾಡುವ ಕೆಲಸಕ್ಕೇ, ಅದಕ್ಕಿಂತ ಹೆಚ್ಚಿನ ಅಪಾಯಕ್ಕೇ ಒಡ್ಡಿ, ಅವರಿಗೆ ಕಾಯಂ ಪೊಲೀಸರ ಸಂಬಳವನ್ನಾಗಲೀ ಭದ್ರತೆಯನ್ನಾಗಲೀ ಕೊಡದಿರುವುದು 14ನೇ ವಿಧಿಯ ಸಮಾನತೆಗೆ ವಿರುದ್ಧ ಎಂದು ಅದು ಹೇಳಿತು. ತನ್ನ ನಿರ್ಧಾರದ ಪರಿಣಾಮವನ್ನು ತೂಗಿನೋಡುವ ಸ್ಥಿತಿಯಲ್ಲಿಲ್ಲದವನನ್ನು ಸಾವಿನ ಬಾಯಿಗೆ ಕಳಿಸುವುದು ಅವನ ಜೀವಿಸುವ ಹಕ್ಕನ್ನೂ, ಅವನ ಕೈಗೆ ಬಂದೂಕು ಕೊಟ್ಟು ಊರೊಳಗೆ ಬಿಡುವುದು ಊರವರ ಜೀವಿಸುವ ಹಕ್ಕನ್ನೂ ಉಲ್ಲಂಘಿಸುತ್ತದೆ ಎಂದು 21ನೇ ವಿಧಿಯನ್ನು ಎರಡೂ ಕಡೆಗೆ ಅನ್ವಯಿಸಿತು. ಈ ಎರಡನೆಯ ಮಾತು ನನಗೆ ಆ ತೀರ್ಪಿನ ಅತ್ಯಂತ ಮುಖ್ಯ ಭಾಗವೆನಿಸುತ್ತದೆ. ಪಡೆಯ ದೌರ್ಜನ್ಯದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಪಡೆಯಲ್ಲಿರುವವನನ್ನು ಮರೆಯುತ್ತಾರೆ, ಪಡೆಯ ತ್ಯಾಗದ ಬಗ್ಗೆ ಮಾತನಾಡುವವರು ಊರವರನ್ನು ಮರೆಯುತ್ತಾರೆ. ಎಸ್‌ಪಿಒಗಳಿಂದ ಆಯುಧ ವಾಪಸು ಪಡೆಯಬೇಕೆಂದೂ, ಅವರ ಜೀವಕ್ಕೆ ರಕ್ಷಣೆ ಕೊಡಬೇಕೆಂದೂ ಕೋರ್ಟ್ ಒಂದೇ ಉಸಿರಿನಲ್ಲಿ ಆದೇಶಿಸಿದ್ದು ಇದೇ ಕಾರಣಕ್ಕೆ.

ಕೇಂದ್ರ ಸರ್ಕಾರ ಆ ಪ್ರಕರಣದಲ್ಲಿ ತೆಗೆದುಕೊಂಡ ನಿಲುವನ್ನು ಒಕ್ಕೂಟ ವ್ಯವಸ್ಥೆಯ ವಿದ್ಯಾರ್ಥಿಗಳು ಓದಲೇಬೇಕು. ಎಸ್‌ಪಿಒಗಳ ಗೌರವಧನದ ಬಹುಪಾಲನ್ನು ಭದ್ರತಾ ವೆಚ್ಚದ ಮರುಪಾವತಿ ಯೋಜನೆಯಡಿ ಕೊಡುತ್ತಿದ್ದುದು ಕೇಂದ್ರ. ಎಷ್ಟು ಮಂದಿಯನ್ನು ನೇಮಿಸಬಹುದು ಎಂಬ ಮಿತಿಯನ್ನು ಮಂಜೂರು ಮಾಡುತ್ತಿದ್ದುದೂ ಕೇಂದ್ರವೇ. ಆದರೆ ಅವರು ಯಾರು, ಎಷ್ಟು ಓದಿದ್ದಾರೆ, ಏನು ತರಬೇತಿ ಪಡೆದಿದ್ದಾರೆ, ಯಾವ ಕೆಲಸಕ್ಕೆ ಹೋಗುತ್ತಾರೆ ಎಂದು ಕೇಳಿದರೆ, ಪೊಲೀಸ್ ರಾಜ್ಯದ ವಿಷಯ, ತನ್ನ ಪಾತ್ರ ಇಷ್ಟಕ್ಕೇ ಸೀಮಿತ ಎಂಬುದು ಅದರ ಉತ್ತರವಾಗಿತ್ತು. ರಾಜ್ಯವನ್ನು ಕೇಳಿದರೆ, ಇದು ಕೇಂದ್ರವೇ ಒಪ್ಪಿದ ನೀತಿ. ಅಧಿಕಾರಕ್ಕಾಗಿ ಕಿತ್ತಾಡುವ ಎರಡು ಸರ್ಕಾರಗಳು ಹೊಣೆಯ ಮಾತು ಬಂದಾಗ ಏಳನೇ ಅನುಸೂಚಿಯನ್ನು ಒಂದರತ್ತ ಒಂದು ದೂಡುವ ಈ ದೃಶ್ಯ ಬಸ್ತರಿಗೆ ಸೀಮಿತವಲ್ಲ. ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಹಣ ಕೊಡುವವರಿಗೆ ಆ ಹಣದಿಂದ ಏನಾಗುತ್ತಿದೆ ಎಂದು ನೋಡುವ ಹೊಣೆಯೂ ಇದೆ ಎಂದಿತು, ಎಸ್‌ಪಿಒಗಳನ್ನು ನಕ್ಸಲರ ವಿರುದ್ಧದ ಕಾರ್ಯಾಚರಣೆಗೆ ನೇಮಿಸಲು ಹಣ ಕೊಡುವುದನ್ನು ನಿಲ್ಲಿಸಲು ಕೇಂದ್ರಕ್ಕೂ ನಿರ್ದೇಶನ ನೀಡಿತು. ಪಟ್ಟಿಗಳು ಅಧಿಕಾರವನ್ನು ಹಂಚುತ್ತವೆ, ಮೂಲಭೂತ ಹಕ್ಕುಗಳು ಯಾವ ಪಟ್ಟಿಗೂ ಸೇರಿಲ್ಲ, ಆದ್ದರಿಂದ ಎರಡೂ ಸರ್ಕಾರಗಳನ್ನು ಅವು ಸಮಾನವಾಗಿ ಕಟ್ಟಿಹಾಕುತ್ತವೆ.

ಆಮೇಲೆ ನಡೆದದ್ದು ಶಾಸನ ರಚನೆಯ ಚಾಕಚಕ್ಯತೆಗೆ ಒಳ್ಳೆಯ ಮಾದರಿ. ತೀರ್ಪು ಬಂದ ಕೆಲವೇ ವಾರಗಳಲ್ಲಿ ಛತ್ತೀಸಗಢ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಬಳಿಕ ಅದನ್ನು ‘ಸಹಾಯಕ ಸಶಸ್ತ್ರ ಪೊಲೀಸ್ ಪಡೆ ಕಾಯ್ದೆ, 2011’ ಆಗಿ ಪರಿವರ್ತಿಸಿತು. ಎಸ್‌ಪಿಒಗಳಾಗಿದ್ದವರನ್ನೇ ನಿಯಮ ಸಡಿಲಿಸಿ ಈ ಹೊಸ ಪಡೆಗೆ ಸೇರಿಸಿಕೊಳ್ಳಲು ದಾರಿ ಮಾಡಲಾಯಿತು. ಅವರ ಹುದ್ದೆಯ ಹೆಸರು ‘ಸಹಾಯಕ ಆರಕ್ಷಕ’ ಎಂದಾಯಿತು. ತರಬೇತಿ ಎರಡು ತಿಂಗಳಿದ್ದದ್ದು ಕನಿಷ್ಠ ಆರು ತಿಂಗಳಾಯಿತು. ಕಾರ್ಯಾಚರಣೆಯ ಮುಂಚೂಣಿಯಲ್ಲಿ ಇವರನ್ನು ನಿಯೋಜಿಸುವಂತಿಲ್ಲ, ಸದಾ ಭದ್ರತಾ ಪಡೆಗಳ ಮೇಲುಸ್ತುವಾರಿಯಲ್ಲೇ ಇವರು ಕೆಲಸ ಮಾಡಬೇಕು ಎಂದು ಕಾಯ್ದೆಯಲ್ಲೇ ಬರೆಯಲಾಯಿತು. ಕೋರ್ಟ್ ಎತ್ತಿದ್ದ ಒಂದೊಂದು ಆಕ್ಷೇಪವನ್ನೂ ಎದುರಿಗಿಟ್ಟುಕೊಂಡು ಅದಕ್ಕೊಂದು ಸೆಕ್ಷನ್ ಬರೆದಂತಿದೆ ಆ ಕಾಯ್ದೆ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರದ ಕೋರಿಕೆಯ ಮೇರೆಗೆ ಸುಪ್ರೀಂ ಕೋರ್ಟ್ ತನ್ನ ಆದೇಶ ಛತ್ತೀಸಗಢಕ್ಕೆ ಮಾತ್ರ ಅನ್ವಯ ಎಂದು ಸ್ಪಷ್ಟಪಡಿಸಿತು. ಜಮ್ಮು ಮತ್ತು ಕಾಶ್ಮೀರ ಸೇರಿದಂತೆ ಬೇರೆಡೆಯ ಎಸ್‌ಪಿಒಗಳು ಹಾಗೆಯೇ ಮುಂದುವರಿದರು. ಒಂದು ರಾಜ್ಯದಲ್ಲಿ 14 ಮತ್ತು 21ನೇ ವಿಧಿಗಳಿಗೆ ವಿರುದ್ಧವಾದದ್ದು ಇನ್ನೊಂದರಲ್ಲಿ ಹೇಗೆ ಸಮ್ಮತ ಎಂಬ ಪ್ರಶ್ನೆ ಅಂದಿಗೆ ಬದಿಗೆ ಸರಿಯಿತು.

ಹೊಸ ಕಾಯ್ದೆಯೇ ನ್ಯಾಯಾಂಗ ನಿಂದನೆ ಎಂದು ಅರ್ಜಿದಾರರು ಸಲ್ಲಿಸಿದ್ದ ಮನವಿ ತೀರ್ಮಾನವಾಗಲು 2025ರ ಮೇ 15ರವರೆಗೆ ಕಾಯಬೇಕಾಯಿತು. ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ ಆ ಮನವಿಯನ್ನು ತಳ್ಳಿಹಾಕಿತು. ಕಾನೂನು ಮಾಡುವುದು ಶಾಸಕಾಂಗದ ಪೂರ್ಣಾಧಿಕಾರ, ಕೋರ್ಟಿನ ಆದೇಶದ ನಂತರ ಶಾಸನ ಮಾಡಿದ್ದಕ್ಕಾಗಿಯೇ ಅದು ನಿಂದನೆ ಆಗುವುದಿಲ್ಲ, ಆ ಕಾನೂನು ಸಂವಿಧಾನಕ್ಕೆ ವಿರುದ್ಧವೆನಿಸಿದರೆ ಅದರ ಸಿಂಧುತ್ವವನ್ನೇ ಪ್ರಶ್ನಿಸಬೇಕು ಎಂಬುದು ಪೀಠದ ನಿಲುವು. ಅಧಿಕಾರ ವಿಭಜನೆಯ ದೃಷ್ಟಿಯಿಂದ ಇದು ಸರಿಯಾದ ನಿಲುವೆಂದೇ ನನ್ನ ಅಭಿಪ್ರಾಯ. ಶಾಸನಸಭೆಯೊಂದನ್ನು ನಿಂದನೆಯ ಕಟಕಟೆಗೆ ಎಳೆಯುವ ಅಧಿಕಾರವನ್ನು ನ್ಯಾಯಾಂಗ ತನ್ನ ಕೈಗೆ ತೆಗೆದುಕೊಂಡರೆ ನಾಳೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು. ಆದರೆ ಹದಿಮೂರು ವರ್ಷಗಳ ಕಾಯುವಿಕೆಯ ಕೊನೆಗೆ ಸಿಕ್ಕ ಉತ್ತರ, ನೀವು ತಟ್ಟಿದ ಬಾಗಿಲು ತಪ್ಪು ಎಂಬುದು. ಆರು ತಿಂಗಳ ತರಬೇತಿ ಸಾಕೇ, ಮುಂಚೂಣಿಗೆ ಕಳಿಸಬಾರದೆಂಬ ನಿಯಮ ಕಾಡಿನಲ್ಲಿ ಪಾಲನೆಯಾಗಿದೆಯೇ ಎಂಬ ಪ್ರಶ್ನೆಗಳು ಆ ಬಾಗಿಲ ಹೊರಗೇ ಉಳಿದವು.

ಈ ನಡುವೆ ಬಸ್ತರಿನಲ್ಲಿ ಪಡೆಗಳ ಸ್ವರೂಪವೇ ಬದಲಾಗಿತ್ತು. ಕಾಂಕೇರ್ ಮತ್ತು ನಾರಾಯಣಪುರದಲ್ಲಿ 2008ರಲ್ಲಿ ಆರಂಭವಾದ ಡಿಸ್ಟ್ರಿಕ್ಟ್ ರಿಸರ್ವ್ ಗಾರ್ಡ್, ಎಂದರೆ ಡಿಆರ್‌ಜಿ, 2015ರ ಹೊತ್ತಿಗೆ ಬಸ್ತರಿನ ಏಳೂ ಜಿಲ್ಲೆಗಳಿಗೆ ಹರಡಿತು. ಸ್ಥಳೀಯ ಯುವಕರು ಮತ್ತು ಶರಣಾದ ಮಾವೋವಾದಿಗಳೇ ಅದರ ಬೆನ್ನೆಲುಬು. 2019ರಲ್ಲಿ ದಂತೇವಾಡದಲ್ಲಿ ‘ದಂತೇಶ್ವರಿ ಲಡಾಕೆ’ ಎಂಬ ಮಹಿಳಾ ತುಕಡಿ ಸೇರಿಕೊಂಡಿತು, ಆಮೇಲೆ 2,100 ಹುದ್ದೆಗಳ ‘ಬಸ್ತರ್ ಫೈಟರ್ಸ್’ ಬಂತು. ಕೇಂದ್ರವೂ ಹಿಂದೆ ಬೀಳಲಿಲ್ಲ, ಸಿಆರ್‌ಪಿಎಫ್ 2017ರಲ್ಲಿ ‘ಬಸ್ತರಿಯಾ’ ಎಂಬ ಬೆಟಾಲಿಯನ್ ಕಟ್ಟಿತು. ಸ್ಥಳೀಯರನ್ನೇ ಪಡೆಗೆ ತರುವ ನೀತಿಯಲ್ಲಿ ಎರಡೂ ಸರ್ಕಾರಗಳು ಪೈಪೋಟಿಗೆ ಬಿದ್ದಂತಿತ್ತು.

ಸ್ಥಳೀಯ ಪಡೆ ಕೆಲಸ ಮಾಡುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಹರಿಯಾಣದಿಂದಲೋ ಕೇರಳದಿಂದಲೋ ಬಂದ ಜವಾನನಿಗೆ ಬಸ್ತರಿನ ಅಬೂಝ್‌ಮಾಡ್‌ನ ಕಾಡು ಒಂದೇ ಹಸಿರು ಗೋಡೆ. ಅಲ್ಲೇ ಹುಟ್ಟಿದವನಿಗೆ ಯಾವ ಹಳ್ಳ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ಕಾಲುದಾರಿ ಯಾವ ಹಾಡಿಗೆ ಹೋಗುತ್ತದೆ ಎಂಬುದು ಗೊತ್ತು. ಶರಣಾದವನಿಗೆ ದಳದವರು ರಾತ್ರಿ ಎಲ್ಲಿ ತಂಗುತ್ತಾರೆ, ಕಾವಲು ಎಲ್ಲಿ ಹಾಕುತ್ತಾರೆ ಎಂಬುದೂ ಗೊತ್ತು. ಎಲ್ಲಕ್ಕಿಂತ ಮಿಗಿಲಾಗಿ ಗೊಂಡಿ ಬರುತ್ತದೆ, ಭಾಷೆ ಬರದ ಪೊಲೀಸನಿಗೆ ಎದುರು ಸಿಕ್ಕವರೆಲ್ಲರೂ ಅನುಮಾನಾಸ್ಪದರೇ. 2025ರ ಮೇ 21ರಂದು ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ಬಸವರಾಜು ಸೇರಿ 27 ಮಂದಿ ಹತರಾದ ಕಾರ್ಯಾಚರಣೆಯನ್ನು ನಡೆಸಿದ್ದು ಡಿಆರ್‌ಜಿ. ಅದರ ಬೆನ್ನಿಗೆ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅದೇ ಪಕ್ಷದ ಹಿರಿಯ ನಾಯಕ ಮಲ್ಲೋಜುಲ ವೇಣುಗೋಪಾಲ ರಾವ್ ಮತ್ತು ಸಂಗಡಿಗರು, ಕೆಲವೇ ದಿನಗಳಲ್ಲಿ ಜಗದಲ್‌ಪುರದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಆಯುಧ ಕೆಳಗಿಟ್ಟರು. ಎಸ್‌ಪಿಒಗಳ ಕಾಲದಲ್ಲಿ ಊರುಗಳು ಸುಟ್ಟವು, ಮಾವೋವಾದಿಗಳು ಬೆಳೆದರು. 2010ರ ಏಪ್ರಿಲ್‌ನಲ್ಲಿ ದಂತೇವಾಡದ ಕಾಡಿನಲ್ಲಿ ಒಂದೇ ದಾಳಿಯಲ್ಲಿ 76 ಜವಾನರು ಸತ್ತದ್ದು ಎಸ್‌ಪಿಒಗಳನ್ನು ನಿಷೇಧಿಸಿದ ತೀರ್ಪಿಗೆ ಮುಂಚೆ ಎಂಬುದನ್ನು, ಆ ತೀರ್ಪಿನಿಂದಲೇ ಹಿಂಸೆ ಮುಂದುವರಿಯಿತು ಎನ್ನುವವರು ನೆನಪಿಸಿಕೊಳ್ಳುವುದಿಲ್ಲ.

ಹಾಗಾದರೆ ಡಿಆರ್‌ಜಿ ಮತ್ತು ಹಳೆಯ ಎಸ್‌ಪಿಒಗಳ ನಡುವೆ ಸಂವಿಧಾನದ ದೃಷ್ಟಿಯಿಂದ ವ್ಯತ್ಯಾಸವಿದೆಯೇ? ಇದೆ, ಅದು ಚಿಕ್ಕದೂ ಅಲ್ಲ. ಡಿಆರ್‌ಜಿಯವರು ಪೊಲೀಸ್ ಇಲಾಖೆಯ ವೇತನ ಶ್ರೇಣಿಯಲ್ಲಿದ್ದಾರೆ, ಕಾಂಕೇರ್‌ನ ಅರಣ್ಯ ಯುದ್ಧ ಕಾಲೇಜಿನಂಥ ಕಡೆ ತರಬೇತಿ ಪಡೆಯುತ್ತಾರೆ, ಜಿಲ್ಲಾ ಎಸ್‌ಪಿಯ ನೇರ ಆಜ್ಞೆಯಲ್ಲಿದ್ದಾರೆ. ಆಜ್ಞೆಯ ಸರಪಳಿ ಇದ್ದಲ್ಲಿ ಹೊಣೆಯ ಸರಪಳಿಯೂ ಇರುತ್ತದೆ, ಕನಿಷ್ಠಪಕ್ಷ ಹುಡುಕಿದರೆ ಸಿಗುತ್ತದೆ. ಆದರೆ 14ನೇ ವಿಧಿಯ ಪ್ರಶ್ನೆ ಪೂರ್ತಿ ಅಳಿದಿಲ್ಲ. 2021ರ ಡಿಸೆಂಬರ್‌ನಲ್ಲಿ ಪೊಲೀಸ್ ಕುಟುಂಬಗಳು ಸಂಬಳ, ಬಡ್ತಿಗಳಿಗಾಗಿ ರಾಯ್‌ಪುರದಲ್ಲಿ ಬೀದಿಗಿಳಿದಾಗ ಸಹಾಯಕ ಆರಕ್ಷಕರ ಅಳಲೂ ಮುನ್ನೆಲೆಗೆ ಬಂತು. ಮರುವರ್ಷ ಸರ್ಕಾರ ಅವರಿಗಾಗಿ ಡಿಸ್ಟ್ರಿಕ್ಟ್ ಸ್ಟ್ರೈಕ್ ಫೋರ್ಸ್ ಎಂಬ ಹೊಸ ವೃಂದವನ್ನು ಪ್ರಕಟಿಸಿತು. ಮುಂಚೂಣಿಗೆ ಹೋಗಬಾರದೆಂದು ಕಾಯ್ದೆ ಹೇಳಿದವರ ವೃಂದಕ್ಕೆ ‘ಸ್ಟ್ರೈಕ್’ ಎಂಬ ಹೆಸರು ಹೊಳೆದದ್ದು ಕಾಕತಾಳೀಯವೇ ಇರಬಹುದು.

21ನೇ ವಿಧಿಯ ಪ್ರಶ್ನೆ ಇನ್ನೂ ಕಠಿಣವಾದದ್ದು. 2025ರ ಜನವರಿ 6ರಂದು ಛತ್ತೀಸಗಢದ ಬಿಜಾಪುರ ಜಿಲ್ಲೆಯಲ್ಲಿ ಮಾವೋವಾದಿಗಳು ಹೂತಿಟ್ಟ ಬಾಂಬ್ ಸ್ಫೋಟಿಸಿ ಎಂಟು ಪೊಲೀಸರು ಮತ್ತು ಅವರ ವಾಹನದ ಚಾಲಕ ಸತ್ತರು. ಆ ಎಂಟರಲ್ಲಿ ಐವರು ಹಿಂದೆ ಮಾವೋವಾದಿಗಳಾಗಿದ್ದು ಶರಣಾಗಿ ಪಡೆ ಸೇರಿದವರು ಎಂದು ಪೊಲೀಸರೇ ತಿಳಿಸಿದರು. ಶರಣಾಗತಿ ಎಂದರೆ ಆಯುಧದಿಂದ ಬಿಡುಗಡೆ ಎಂದು ಸಾಮಾನ್ಯ ಅರ್ಥ. ಇಲ್ಲಿ ಆಯುಧ ಬದಲಾಯಿತು, ಬದುಕಿನ ದಾರಿ ಬದಲಾಗಲಿಲ್ಲ. ಊರಿಗೆ ಹಿಂದಿರುಗಿದರೆ ಹಳೆಯ ಸಂಗಡಿಗರು ಕೊಲ್ಲುತ್ತಾರೆ ಎಂಬ ಭಯವಿರುವವನು ಪಡೆ ಸೇರಲು ಒಪ್ಪಿದರೆ, ಆ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಸ್ವಇಚ್ಛೆ ಎನ್ನಬಹುದು? 2011ರ ಪೀಠ ಎಸ್‌ಪಿಒಗಳ ವಿಷಯದಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ವೇತನ ಶ್ರೇಣಿ ಕೊಟ್ಟ ಮಾತ್ರಕ್ಕೆ ಅದು ಉತ್ತರಿಸಿದಂತಾಗುವುದಿಲ್ಲ.

ಇನ್ನು ಪಡೆಯೊಂದು ಯಾರ ವಿರುದ್ಧ ಹುಟ್ಟಿತೋ ಅವರೇ ಇಲ್ಲವಾದ ಮೇಲೆ ಏನಾಗುತ್ತದೆ ಎಂಬ ವಿಚಾರದಲ್ಲಿ ಕರ್ನಾಟಕದ ಅನುಭವ ಹತ್ತಿರದ್ದು. ಮಲೆನಾಡಿನಲ್ಲಿ ಎರಡು ದಶಕ ಕಾಲ ಶೋಧ ನಡೆಸಿದ ನಕ್ಸಲ್ ನಿಗ್ರಹ ಪಡೆಯ ಎದುರಾಳಿಗಳು 2025ರ ಆರಂಭಕ್ಕೆ ಮುಗಿದರು. 2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದ, ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರೇ ಶರಣಾದರು. ಕೆಲವೇ ತಿಂಗಳಲ್ಲಿ ಆ ಪಡೆಯ 656 ಸಿಬ್ಬಂದಿಯಲ್ಲಿ 248 ಮಂದಿಯನ್ನು ಎತ್ತಿ, ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳಲ್ಲಿ ಕೋಮು ಹಿಂಸೆ ತಡೆಯಲು ಸ್ಪೆಷಲ್ ಆ್ಯಕ್ಷನ್ ಫೋರ್ಸ್ ರಚಿಸಲಾಯಿತು. ಒಂದು ಸರ್ಕಾರಿ ಆದೇಶದಲ್ಲಿ ಕೆಲಸ ಮುಗಿಯಿತು, ಏಕೆಂದರೆ ಅವರೆಲ್ಲ ಇಲಾಖೆಯ ಪೊಲೀಸರು. ಕಾಡಿನಲ್ಲಿ ಶಸ್ತ್ರಧಾರಿಗಳನ್ನು ಹುಡುಕಲು ಪಳಗಿದವರು ಬಿ.ಸಿ. ರೋಡ್‌ನ ಪೇಟೆಯಲ್ಲಿ ಗುಂಪನ್ನು ಚದುರಿಸಲು ಎಷ್ಟು ಯೋಗ್ಯರು ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಕೇಳಿದವರು ಹೆಚ್ಚಿಲ್ಲ.

ಅದಕ್ಕೂ ಹಿಂದಿನ ಅನುಭವ ಕಹಿಯಾದದ್ದು. ವೀರಪ್ಪನ್ ಬೇಟೆಗಾಗಿ ಕರ್ನಾಟಕ ಮತ್ತು ತಮಿಳುನಾಡು ಜಂಟಿಯಾಗಿ ನಡೆಸಿದ ವಿಶೇಷ ಕಾರ್ಯಪಡೆಯ ದೌರ್ಜನ್ಯಗಳ ದೂರುಗಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಮಲೆ ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ಚಿತ್ರಹಿಂಸೆ ಅನುಭವಿಸಿದ್ದಾಗಿ ಸುತ್ತಲಿನ ಹಳ್ಳಿಗಳ ಹೆಂಗಸರು, ಗಂಡಸರು ಅದರ ಮುಂದೆ ಬಂದು ಹೇಳಿದರು. 89 ಮಂದಿಗೆ ಪರಿಹಾರ ಕೊಡಬೇಕೆಂದು ಆಯೋಗ ಶಿಫಾರಸು ಮಾಡಿದ್ದು 2007ರಲ್ಲಿ, ವೀರಪ್ಪನ್ ಸತ್ತು ಎರಡು ವರ್ಷ ಕಳೆದ ಮೇಲೆ. ಅಲ್ಲಿಯೂ ದೂರು ಕೊಟ್ಟವರನ್ನು ಶಿಬಿರಕ್ಕೆ ಕರೆದೊಯ್ದದ್ದು ಯಾವ ರಾಜ್ಯದ ಪಡೆ ಎಂಬ ಪ್ರಶ್ನೆ ಸುಳಿದಾಡುತ್ತಲೇ ಇತ್ತು. ಗಡಿಯ ಹಳ್ಳಿಯವರಿಗೆ ಸಮವಸ್ತ್ರದ ಮೇಲಿನ ಬಿಲ್ಲೆಯಲ್ಲಿ ಯಾವ ರಾಜ್ಯದ ಹೆಸರಿದೆ ಎಂದು ಓದಿ ನೋಡುವ ಅವಕಾಶವಾದರೂ ಎಲ್ಲಿತ್ತು?

ಬಸ್ತರಿನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪ್ರಮಾಣದಲ್ಲಿ ಈ ಲೆಕ್ಕ ಎದುರಾಗುತ್ತದೆ. ಮಾವೋವಾದವನ್ನು ಕೊನೆಗಾಣಿಸಲು ಕೇಂದ್ರ ಗೃಹ ಸಚಿವರು ಹಾಕಿಕೊಂಡ ಗಡುವು 2026ರ ಮಾರ್ಚ್ 31. ಗಡುವು ಪ್ರಕಟವಾದಾಗಿನಿಂದ ಎಷ್ಟು ಮಂದಿ ಸತ್ತರು, ಎಷ್ಟು ಮಂದಿ ಶರಣಾದರು ಎಂಬ ಅಂಕಿಗಳು ವಾರವಾರವೂ ಬಂದವು. ಡಿಆರ್‌ಜಿ, ಬಸ್ತರ್ ಫೈಟರ್ಸ್, ಸಹಾಯಕ ಆರಕ್ಷಕರು ಆಮೇಲೆ ಏನಾಗುತ್ತಾರೆ ಎಂಬ ಚರ್ಚೆ ಅಷ್ಟು ಕೇಳಿಬರಲಿಲ್ಲ. ಅವರನ್ನು ಸಾಮಾನ್ಯ ಠಾಣೆಗಳಿಗೆ ಹಾಕಿದರೆ, ನಿನ್ನೆಯವರೆಗೆ ಬಂದೂಕು ಹಿಡಿದು ಬಂದವನ ಬಳಿಯೇ ಇಂದು ದನ ಕಳುವಿನ ದೂರು ಕೊಡಲು ಊರವನು ಹೋಗಬೇಕು. ದೂರದ ಜಿಲ್ಲೆಗಳಿಗೆ ಕಳಿಸಿದರೆ, ಅವರ ಅರ್ಹತೆ ಎನ್ನಿಸಿಕೊಂಡಿದ್ದ ಗೊಂಡಿ ಮತ್ತು ಕಾಡಿನ ಜ್ಞಾನ ಅಲ್ಲಿ ಉಪಯೋಗಕ್ಕೆ ಬಾರದು, ಓದಿನ ಕೊರತೆ ಮಾತ್ರ ಎದ್ದು ಕಾಣುತ್ತದೆ. ಗಣಿಗಳ ಮತ್ತು ಹೊಸ ರಸ್ತೆಗಳ ಕಾವಲಿಗೆ ನಿಲ್ಲಿಸಿದರೆ, ಭೂಮಿಯ ವಿವಾದದಲ್ಲಿ ಅವರು ತಮ್ಮದೇ ಬಂಧುಗಳ ಎದುರು ನಿಲ್ಲಬೇಕಾಗುತ್ತದೆ. ತಾತ್ಕಾಲಿಕವಾಗಿ ಆಯುಧ ಪಡೆದವರು ಅದನ್ನು ಹಿಂದಿರುಗಿಸಲು ನಿರಾಕರಿಸಿ ಯಾರ ಹಿಡಿತಕ್ಕೂ ಸಿಗದ ಗುಂಪುಗಳಾಗಿ ತಿರುಗಬಹುದು ಎಂಬ ಅಪಾಯವನ್ನು 2011ರ ಪೀಠವೇ ಗುರುತಿಸಿತ್ತು. ಮಣಿಪುರದಲ್ಲಿ 2023ರಿಂದೀಚೆಗೆ ಪೊಲೀಸ್ ಶಸ್ತ್ರಾಗಾರಗಳಿಂದ ಲೂಟಿಯಾದ ಸಾವಿರಾರು ಬಂದೂಕುಗಳನ್ನು ವಾಪಸು ಪಡೆಯಲು ರಾಜ್ಯಪಾಲರೇ ಗಡುವು ಹಾಕಿ ಮನವಿ ಮಾಡಬೇಕಾಗಿ ಬಂದದ್ದನ್ನು ಕಂಡವರಿಗೆ ಆ ಮಾತು ಅತಿರಂಜಿತ ಎನಿಸದು.

2011ರ ಕಾಯ್ದೆ ಇಂದಿಗೂ ಪುಸ್ತಕದಲ್ಲಿದೆ. ಅದರ ಸಿಂಧುತ್ವವನ್ನು ಪ್ರಶ್ನಿಸುವ ದಾರಿಯನ್ನು 2025ರ ಆದೇಶ ಮುಚ್ಚಿಲ್ಲ. ಸಹಾಯಕ ಪಡೆಯವರು ಮುಂಚೂಣಿಯಲ್ಲಿ ಇರಬಾರದು ಎಂಬ ಅದರ ಸೆಕ್ಷನ್ನನ್ನು ಯಾರಾದರೂ ಕೋರ್ಟಿನಲ್ಲಿ ಗಟ್ಟಿಯಾಗಿ ಓದುವ ದಿನ ಬಂದರೆ, ಬಸ್ತರಿನ ಹುತಾತ್ಮ ಪೊಲೀಸರ ಸ್ಮಾರಕಗಳ ಮೇಲಿನ ಹೆಸರುಗಳನ್ನೂ, ಪ್ರತಿ ಹೆಸರಿನ ಮುಂದೆ ಕೆತ್ತಿದ ಹುದ್ದೆಯನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.